ಹಳೆ ಟ್ರ್ಯಾಕ್ಟರಿಗೆ ದೊಡ್ಡ ಮಷಿನ್

ಗುರುಬಸವರಾಜನ ಪಟ್ಟಿಯಾಗೆ ಒಟ್ಟು ಏಳು ಗ್ರಾಫಿಕ್ಸ್ ಕಾರ್ಡ್ ಇದ್ವು. ತಾಟಿನ ಪಕ್ಕಕ್ಕೆ ಫೋನ್ ಇಟ್ಕೊಂಡು, ಒಂದು ಕೈಲಿ ರೊಟ್ಟಿ ಮುರಿಯೋದು, ಇನ್ನೊಂದು ಕೈಲಿ ಸ್ಕ್ರೀನ್ ಜರುಗಿಸೋದು. ಹೊಸದು, ಸೆಕೆಂಡ್ ಹ್ಯಾಂಡು, ಎಂಟು ಜಿಬಿದು, ಹನ್ನೆರಡು ಜಿಬಿದು. ಒಂದೊಂದರ ಮುಂದೂ ರೇಟು, ರೇಟಿನ ಮುಂದೆ ಫ್ರೇಮು. ಕಾಳುಪಲ್ಯ ತಣ್ಣಗಾದ್ರೂ ಅವನಿಗೆ ಗ್ಯಾನ ಇಲ್ಲ.

"ಏನಲೇ ಅದು, ಊಟದಾಗೂ ಅದೇನಾ?" ಅಂದ ಅವರಪ್ಪ ಮರುಳಸಿದ್ದಪ್ಪ.

"ಕಾರ್ಡ್ ಅಪ್ಪಾಜಿ. ಕಂಪ್ಯೂಟರಿಗೆ."

"ಇರೋ ಕಾರ್ಡಿಗೆ ಏನಾಗೈತೆ?"

"ಅದ್ರ ಕೈಲಿ ಆಗ್ತಿಲ್ಲ. ಹೊಸ ಗೇಮ್ ಹಾಕಿದ್ರೆ ಸೆಕೆಂಡಿಗೆ ಇಪ್ಪತ್ತೆಂಟು ಫ್ರೇಮ್, ಅಂದ್ರೆ ಇಪ್ಪತ್ತೆಂಟೇ ಚಿತ್ರ ಬರ್ತೈತೆ. ಓಡೋನು ಕುಂಟಿದಂಗೆ ಕಾಣ್ತಾನೆ. ಅರವತ್ತಾದ್ರೂ ಬೇಕು."

"ಕುಂಟ್ಲಿ ಬಿಡು," ಅಂತ ಅಡಿಗೆಮನೆಯಿಂದ ಅಮ್ಮ ಸರ್ವಮಂಗಳಮ್ಮನ ದನಿ ಬಂತು. "ನಮ್ಮ ಮಿಕ್ಸಿ ಸುಟ್ಟು ಮೂರು ತಿಂಗಳಾತು. ಅದು ಕುಂಟೋದೂ ಇಲ್ಲ."

ತಂಗಿ ರಕ್ಷಾ ಕಿಸಕ್ಕಂತ ನಕ್ಕಳು. ಪಿಯುಸಿ ಓದೋ ಹುಡುಗಿ, ಅಣ್ಣನಿಗೆ ಬೈಗಳ ಬಿತ್ತು ಅಂದ್ರೆ ಅವಳಿಗೆ ಇನ್ನೊಂದು ರೊಟ್ಟಿ ಇಳೀತೈತೆ.

ಗುರುಗೆ ಅಪ್ಪನ ಮರ್ಜಿ ಗೊತ್ತು. ನ್ಯಾಮತಿಯಾಗೆ ಮರುಳಸಿದ್ದಪ್ಪ ಅಂದ್ರೆ ಮೆಕ್ಕೆಜೋಳದ ಮಷಿನ್. ದೀಪಾವಳಿ ಮುಗೀತು ಅಂದ್ರೆ ಟ್ರ್ಯಾಕ್ಟರಿಗೆ ಒಕ್ಕೋ ಮಷಿನ್ ಕಟ್ಕೊಂಡು ಸಾಸ್ವೆಹಳ್ಳಿ, ಹೊನ್ನಾಳಿ ಕಡೆ ಊರೂರು ಸುತ್ತೋ ಮನುಷ್ಯ. ಚೀಲಕ್ಕೆ ಇಷ್ಟು ಅಂತ ಬಾಡಿಗೆ. ಯಾವ ವಸ್ತು ಕಂಡ್ರೂ ಅವನ ಬಾಯಾಗೆ ಒಂದೇ ಮಾತು, ಗಂಟೆಗೆ ಎಷ್ಟು ಚೀಲ?

"ಅಪ್ಪಾಜಿ, ಕಾರ್ಡ್ ಅಂದ್ರೆ ನಿಮ್ಮ ಮಷಿನ್ ಇದ್ದಂಗೆ. ಫ್ರೇಮ್ ಅಂದ್ರೆ ಚೀಲ. ಸೆಕೆಂಡಿಗೆ ಎಷ್ಟು ಚೀಲ ಅನ್ನೋದೇ ಲೆಕ್ಕ."

ಮರುಳಸಿದ್ದಪ್ಪ ಕೈ ತೊಳೆಯಾಕೆ ಎದ್ದೋನು ಮತ್ತೆ ಕುಂತ.

"ಹೇಳು."

"ಇದು ಅರವತ್ತು ಸಾವಿರ, ನೂರೈವತ್ತು ಕೊಡ್ತೈತೆ. ಇದು ಮೂವತ್ತು, ತೊಂಬತ್ತೈದು. ಇದು ಸೆಕೆಂಡ್ ಹ್ಯಾಂಡು, ಹದಿನಾರು ಸಾವಿರ, ಎಂಬತ್ತು."

ಅಪ್ಪನ ತುಟಿ ಅಲ್ಲಾಡಿದ್ವು. ಕ್ಯಾಲ್ಕುಲೇಟರ್ ಬೇಕಿಲ್ಲ ಅವನಿಗೆ. "ಮೊದಲನೇದು ಚೀಲಕ್ಕೆ ನಾನೂರು ಬಿತ್ತು. ಎರಡನೇದು ಮುನ್ನೂರರ ಮೇಲೆ. ಕೊನೇದು ಇನ್ನೂರು. ಆದ್ರೂ ಮೊದಲನೇದು ಜಾಸ್ತಿ ಒಕ್ಕತೈತಲ್ಲ, ಅದ್ಯಾಕೆ ಬ್ಯಾಡ ನಿನಗೆ?"

"ಅಲ್ಲೇ ಇರೋದು ಅಪ್ಪಾಜಿ! ನನ್ನ ಪ್ರೊಸೆಸರ್ ಹಳೇದು. ಕಾರ್ಡಿಗೆ ಕೆಲಸ ಒದಗಿಸೋದು ಅದು. ಅದಕ್ಕೇ ಕಸುವಿಲ್ಲ ಅಂದ್ಮೇಲೆ ಕಾರ್ಡ್ ಎಷ್ಟು ದೊಡ್ಡದಾದ್ರೇನು? ಸುಮ್ನೆ ಕುಂತಿರ್ತೈತೆ. ಬಾಟಲ್‌ನೆಕ್ ಅಂತಾರೆ. ಕೊಟ್ಟ ದುಡ್ಡು ದಂಡ."

ಮರುಳಸಿದ್ದಪ್ಪ ತೊಡೆ ತಟ್ಟಿದ ಏಟಿಗೆ ನೀರಿನ ಲೋಟ ಅಲ್ಲಾಡ್ತು. "ಹಳೆ ಟ್ರ್ಯಾಕ್ಟರಿಗೆ ದೊಡ್ಡ ಮಷಿನ್! ಸಾಸ್ವೆಹಳ್ಳಿ ಧರ್ಮಪ್ಪ ಮಾಡಿದ್ದೂ ಅದೇ. ಅವರಪ್ಪನ ಕಾಲದ ಟ್ರ್ಯಾಕ್ಟರಿಗೆ ಪಂಜಾಬಿನ ದೊಡ್ಡ ಮಷಿನ್ ತಂದು ಕಟ್ಟಿದ. ಎರಡೇ ಸೀಸನ್. ಇಂಜಿನ್ ಉಸಿರು ಕಟ್ಟಿ ಕುಂತ್ಕಂತು. ಮಂಗಳಾ, ನಿನ್ನ ಮಗನಿಗೆ ತಲೆ ಐತೆ ಕಣೇ!"

"ತಲೆ ಐತೆ, ಮಿಕ್ಸಿ ಇಲ್ಲ," ಅಂದ್ಲು ಅಮ್ಮ.

ಒಲೆ ಮುಂದೆ ಕುಂತ ಅಜ್ಜಿ ಹಾಲಮ್ಮ ರೊಟ್ಟಿ ಬಡೀತಾನೇ ಹೇಳಿದ್ಲು, "ಅದೇನು ಮಷಿನ್ನೋ ನನಗೆ ತಿಳಿಯಲ್ಲಪ್ಪ. ಮಾತಿನ ಭರದಾಗೆ ನಮ್ಮ ಗುರು ಐದು ರೊಟ್ಟಿ ಇಳಿಸ್ದ, ಅದು ತಿಳೀತು." ಎಪ್ಪತ್ತನಾಲ್ಕು ವರ್ಷದ ಮುದುಕಿ, ಕುಂತ ಜಾಗದಾಗೆ ಇಪ್ಪತ್ತು ರೊಟ್ಟಿ ತಟ್ಟಿ ಎದ್ದೇಳೋಳು. ಎಲ್ರೂ ನಕ್ರು. ನಗು ನಿಂತ ಮೇಲೆ ಬಡಿಯೋ ಸದ್ದೂ ನಿಂತಿತ್ತು. ಗುರು ತಿರುಗಿ ನೋಡಿದ. ಅಜ್ಜಿ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ಲು. ಒಂದು ಚಣ ಅಷ್ಟೇ. ಮತ್ತೆ ಸದ್ದು ಶುರುವಾತು. ಗುರು ಫೋನಿಗೆ ವಾಪಸ್ ಹೋದ.

ಒಪ್ಪಂದ ಆತು. ನಾಲ್ಕು ಭಾನುವಾರ ಗುರು ಮಷಿನ್ ಮೇಲೆ ನಿಂತು ತೆನೆ ಹಾಕ್ಬೇಕು, ಅಪ್ಪ ಕಾರ್ಡ್ ಕೊಡಿಸ್ಬೇಕು. ಹೊನ್ನಾಳಿಯಾಗೆ ಬಿಸಿಎ ಓದೋ ಹುಡುಗನ ಕಿವಿ ಮೂಗಿನ ತುಂಬ ಮೆಕ್ಕೆಜೋಳದ ಕೆಂಪು ದೂಳು. ಸೀನಿದ್ರೆ ಕೆಂಪಗೆ ಬರ್ತಿತ್ತು. ಐದನೇ ಭಾನುವಾರ ಅಪ್ಪ ಮಗ ಬೈಕ್ ಹತ್ತಿ ಚನ್ನಗಿರಿಗೆ ಹೋದ್ರು. ಅಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರೋ ರೇಣುಕಪ್ರಸಾದ್ ಹತ್ರ ಆ ಸೆಕೆಂಡ್ ಹ್ಯಾಂಡ್ ಕಾರ್ಡ್ ಇತ್ತು.

ರೇಣುಕಪ್ರಸಾದ್ ಕಾರ್ಡ್ ಹಾಕಿ, ಗೇಮ್ ಓಡಿಸಿ ತೋರಿಸ್ದ. ಮರುಳಸಿದ್ದಪ್ಪ ಸ್ಕ್ರೀನ್ ನೋಡ್ಲೇ ಇಲ್ಲ. ಕಂಪ್ಯೂಟರ್ ಡಬ್ಬದ ಬಾಗಿಲು ತೆಗೆಸಿ, ಬೇರಿಂಗ್ ಬಿಸಿ ನೋಡೋನ ಹಂಗೆ ಕಾರ್ಡಿನ ಹತ್ರಕ್ಕೆ ಅಂಗೈ ಹಿಡ್ಕೊಂಡು ಕಾಲು ಗಂಟೆ ನಿಂತ.

"ಏನು ನೋಡ್ತಿದೀರಿ ಯಜಮಾನ್ರೇ?"

"ಕಾಯ್ತೈತಾ ಅಂತ. ಇದನ್ನ ಹಗಲೂ ರಾತ್ರಿ ಓಡಿಸಿದೀರಾ?"

ರೇಣುಕಪ್ರಸಾದ್ ಗುರು ಕಡೆ ನೋಡಿ ಹುಬ್ಬೇರಿಸ್ದ. "ನಿಮ್ಮಪ್ಪ ಯೂಟ್ಯೂಬಾಗೆ ಯಾವ ಚಾನೆಲ್ ನೋಡ್ತಾರೋ?" ಸಾವಿರ ರೂಪಾಯಿ ತಾನಾಗೇ ಇಳಿಸ್ದ.

ಮನೆಗೆ ತಂದು ಹಾಕಿದ್ರೆ ಎಪ್ಪತ್ತೆಂಟು ಬಂತು. ಗುರು ಕುಣಿದ. ಅವನಿಗಿಂತ ಜಾಸ್ತಿ ಕುಣಿದೋನು ಅಪ್ಪ. ಓಣಿಯ ಹನುಮಣ್ಣನ ಮನೆ ಕಟ್ಟೆ ಮೇಲೆ, ಬಸ್‌ಸ್ಟ್ಯಾಂಡ್ ಟೀ ಅಂಗಡಿಯಾಗೆ, ಒಕ್ಕೋ ಕಣದಾಗೆ, ಎಲ್ಲಿ ಕುಂತ್ರೂ ಅದೇ ಕತೆ. ಕೊನೆಗೆ ಕ್ಯಾಲೆಂಡರ್ ಹಾಳೆ ಹಿಂದ್ಗಡೆ ತಾನೇ ಗೆರೆ ಎಳೆಯಾಕೆ ಶುರು ಮಾಡ್ದ. ಒಂದು ಕಡೆ ರೇಟು, ಇನ್ನೊಂದು ಕಡೆ ಕೆಲಸ.

ಮೊದಲು ಮಿಕ್ಸಿ. ಮೂರು ಮಿಕ್ಸಿ ಬರೆದು, ನಡುವಿನದು ತಂದ. ಅಮ್ಮ ಖುಷಿಯಾದ್ಲು. ಆಮೇಲೆ ಹಾಲು. ಪ್ಯಾಕೆಟ್ ಹಾಲು, ಮನೆ ಹಾಲು, ಯಾವುದರಾಗೆ ಎಷ್ಟು ಲೋಟ ಟೀ. ಆಮೇಲೆ ರಕ್ಷಾನ ಕೋಚಿಂಗು.

"ಅಪ್ಪಾಜಿ, ನನಗೂ ಚೀಲದ ಲೆಕ್ಕಾನಾ?" ಅಂದ್ಲು ರಕ್ಷಾ.

"ತಪ್ಪೇನೈತೆ? ದಾವಣಗೆರೆಯಾಗೆ ಎಂಬತ್ತು ಸಾವಿರ. ಇಲ್ಲಿ ಹದಿನೈದು. ನೀನು ತೆಗಿಯೋದು ಎರಡರಾಗೂ ಅಷ್ಟೇ."

"ಅಷ್ಟೇ ಅಂತ ಯಾರು ಹೇಳಿದ್ರು?"

"ಹೋದ ಸಲದ ಮಾರ್ಕ್ಸ್ ಕಾರ್ಡ್ ಹೇಳ್ತು."

ರಕ್ಷಾ ತಾಟು ಬಿಟ್ಟು ಎದ್ದು ಹೋದ್ಲು. ಯಾರೂ ಕರೀಲಿಲ್ಲ. ಅಜ್ಜಿ ಮಾತ್ರ ಒಲೆ ಹತ್ರದಿಂದ, "ನನ್ನೂ ಹಾಕಪ್ಪ ಆ ಹಾಳೆಯಾಗೆ, ನಾನೆಷ್ಟು ರೊಟ್ಟಿಗೆ ಬಿದ್ದೆ ನೋಡಣ," ಅಂದ್ಲು. ಗುರುಗೆ ನಗು ಬಂತು. ಅಮ್ಮನ ಮುಖ ನೋಡಿದ ಮೇಲೆ ನಿಂತೋತು.

ಅದಾಗಿ ಹತ್ತು ದಿನಕ್ಕೆ, ಬುಧವಾರ ಬೆಳಿಗ್ಗೆ, ರೊಟ್ಟಿ ಬಡಿಯೋ ಸದ್ದು ಮತ್ತೆ ನಿಂತೋತು. ಈ ಸಲ ಶುರುವಾಗ್ಲಿಲ್ಲ. ಗುರು ಒಳಗೆ ಬರೋ ಹೊತ್ತಿಗೆ ಅಜ್ಜಿ ಪಕ್ಕಕ್ಕೆ ವಾಲಿದ್ಲು, ಬೆರಳು ಹಂಚಿನ ಅಂಚಿಗೆ ತಾಗಿತ್ತು, ಅದರ ಗ್ಯಾನಾನೂ ಇರ್ಲಿಲ್ಲ. ರೊಟ್ಟಿ ಕರಕಾಗಿ ಹೊಗೆ ಎದ್ದಿತ್ತು.

ಶಿವಮೊಗ್ಗದ ಆಸ್ಪತ್ರೆ. ಡಾಕ್ಟರಮ್ಮ ಹೊರಗೆ ಬಂದು ನಿಧಾನಕ್ಕೆ ಬಿಡಿಸಿ ಹೇಳಿದ್ರು. ಹೃದಯ ಬಡಿಯೋದು ನಡುನಡುವೆ ತಪ್ಪಿಹೋಗ್ತಿದೆ. ಪೇಸ್‌ಮೇಕರ್ ಹಾಕ್ಲೇಬೇಕು. ಎರಡು ಥರ ಇದೆ, ಒಂದು ತಂತಿದು, ಎರಡು ತಂತಿದು. "ಒಂದು ತಂತಿದೂ ಜೀವ ಉಳಿಸುತ್ತೆ. ಆದ್ರೆ ಇವರಿಗೆ ಎರಡು ತಂತಿದೇ ಒಳ್ಳೇದು, ನನ್ನ ಕೇಳಿದ್ರೆ ಅದೇ ಹಾಕಿ ಅಂತೀನಿ. ಖರ್ಚು ಜಾಸ್ತಿ. ಮಾತಾಡ್ಕೊಂಡು ಅರ್ಧ ಗಂಟೆಯಲ್ಲಿ ಹೇಳಿ."

ಅಮ್ಮ ಒಳಗೆ ಅಜ್ಜಿ ಹತ್ರ ಇದ್ಲು. ಅಪ್ಪ ಮಗ ಬೆಂಚಿನ ಮೇಲೆ ಕುಂತ್ರು. ಮರುಳಸಿದ್ದಪ್ಪ ಜೇಬಿಂದ ಪೆನ್ ತೆಗೆದ. ಔಷಧದ ಬಿಲ್ಲಿನ ಹಿಂದ್ಗಡೆ ಗೆರೆ ಎಳೆದ.

"ದುಡ್ಡು ಐತೆ," ಅಂದ. "ದುಡ್ಡಿನ ಮಾತಲ್ಲ ಇದು. ನೀನು ಹೇಳು, ನಿನಗೆ ಈ ಲೆಕ್ಕ ತಿಳಿತೈತೆ. ಅವ್ವಂದು ಎಪ್ಪತ್ತನಾಲ್ಕು ವರ್ಷದ ಇಂಜಿನ್ನು. ಅದಕ್ಕೆ ದೊಡ್ಡ ಮಷಿನ್ ಕಟ್ಟಿದ್ರೆ ತಡೀತೈತಾ?"

ಗುರು ಫೋನಾಗೆ ಹುಡುಕ್ದ. ಇಂಗ್ಲಿಷಿನ ಉದ್ದುದ್ದ ಹೆಸರು ಬಂದ್ವು, ಅರ್ಧ ತಿಳೀತು, ಅರ್ಧ ತಿಳೀಲಿಲ್ಲ. ಅಪ್ಪ ಅವನ ಮುಖಾನೇ ನೋಡ್ತಿದ್ದ. ಹಿಂಗೆ ಕೈ ಮುಗಿದಂಗೆ ಅಪ್ಪ ಅವನನ್ನ ಯಾವತ್ತೂ ಏನೂ ಕೇಳಿರ್ಲಿಲ್ಲ.

"ಬಾಟಲ್‌ನೆಕ್ಕೇ ಆಗ್ತೈತೆ ಅನ್ಸುತ್ತೆ ಅಪ್ಪಾಜಿ," ಅಂದ ಗುರು. "ಹಾರ್ಟ್ ಹಳೇದು ಅಂದ್ಮೇಲೆ, ಜಾಸ್ತಿ ಕೆಲಸ ಮಾಡಿಸೋದು ಹಾಕಿದ್ರೆ ಲೋಡ್ ಬೀಳ್ತೈತೆ. ಅಜ್ಜಿ ಏನು ಓಡಬೇಕಾ, ಹತ್ತಬೇಕಾ? ಮನೆಯಾಗೆ ಓಡಾಡಾಕೆ ಒಂದು ತಂತಿದು ಸಾಕು."

"ಹಂಗನ್ನು." ಅಪ್ಪ ಉಸಿರು ಬಿಟ್ಟು, ಎರಡು ತಂತಿದು ಅಂತ ಬರೆದ ಸಾಲಿನ ಮೇಲೆ ಗೀಟು ಹಾಕ್ದ.

ಅಮ್ಮ ಹೊರಗೆ ಬಂದ್ಲು. "ಡಾಕ್ಟ್ರು ಏನಂದ್ರು?"

"ಅವ್ರು ಎರಡು ತಂತಿದು ಅಂತಾರೆ. ನಾವು ಒಂದರದು ಅಂತ ಮಾಡಿದೀವಿ."

"ನಾವು ಅಂದ್ರೆ ಯಾರು? ಡಾಕ್ಟ್ರು ಹೇಳಿದ್ದು ಮಾಡ್ರಿ ಸುಮ್ನೆ."

"ನಿನಗೆ ತಿಳಿಯಲ್ಲ ಮಂಗಳಾ. ದೊಡ್ಡದು ಹಾಕಿದ್ರೆ ಅವ್ವನಿಗೇ ಭಾರ. ಬೇಕಿದ್ರೆ ಗುರುನ್ನ ಕೇಳು."

ಅಮ್ಮ ಗುರುನ್ನ ಕೇಳ್ಲಿಲ್ಲ. ಅವನ ಕೈಯಾಗಿದ್ದ ಫೋನ್ ನೋಡಿದ್ಲು, ಒಳಗೆ ಹೋದ್ಲು.

ನಾಲ್ಕನೇ ದಿನ ಅಜ್ಜಿ ಮನೆಗೆ ಬಂದ್ಲು. ಎಡಗಡೆ ಹೆಗಲ ಕೆಳಗೆ ಬೆಂಕಿಪೊಟ್ಣದಷ್ಟು ಉಬ್ಬು. ಓಣಿಯೆಲ್ಲ ನೋಡಾಕೆ ಬಂತು. ಮರುಳಸಿದ್ದಪ್ಪ ಬಂದೋರಿಗೆಲ್ಲ ಹಳೆ ಟ್ರ್ಯಾಕ್ಟರಿನ ಕತೆ ಹೇಳ್ದ. ಅವರೂ ಹೌದು ಹೌದು ಅಂತ ತಲೆ ಆಡಿಸಿ ಬಾಳೆಹಣ್ಣು ಇಟ್ಟು ಹೋದ್ರು.

ಮೊದಲ ವಾರ ಚೆನ್ನಾಗಿತ್ತು. ಎರಡನೇ ವಾರ ಅಜ್ಜಿ ಒಲೆ ಮುಂದೆ ಕುಂತ್ಲು. ಎರಡು ರೊಟ್ಟಿ ತಟ್ಟಿದ್ಲು, ಮೂರನೇದಕ್ಕೆ ಹಿಟ್ಟು ಹಂಗೇ ಬಿಟ್ಟು, "ಮಂಗಳಾ, ನೀನೇ ಮಾಡವ್ವ," ಅಂದ್ಲು. ಬಚ್ಚಲಿಗೆ ಹೋಗಿ ಬಂದ್ರೆ ಕುತ್ತಿಗೆ ನರ ಪಟಪಟ ಅಂತಿತ್ತು. ರಾತ್ರಿ ಊಟಕ್ಕೆ ಒಂದು ತುತ್ತು, ಮತ್ತೆ ಉಸಿರು, ಮತ್ತೆ ಒಂದು ತುತ್ತು.

"ಹೊಸ ಮಷಿನ್ನು, ಸೆಟ್ ಆಗಾಕೆ ಟೈಮ್ ಬೇಕು," ಅಂದ ಅಪ್ಪ.

"ಅದು ಮಷಿನ್ನಲ್ಲ ರೀ, ನಿಮ್ಮವ್ವ!" ಅಮ್ಮ ಸೌಟು ಪಾತ್ರೆಗೆ ಕುಕ್ಕಿದ್ಲು. "ಮಿಕ್ಸಿಗೆ ಮೂರು ಅಂಗಡಿ ತಿರುಗಿದ್ರಿ. ಅತ್ತೆಗೆ ಒಂದು ಬೆಂಚಿನ ಮೇಲೆ ಕುಂತು ಮುಗಿಸಿದ್ರಿ. ಅವ್ರನ್ನ ಒಂದು ಮಾತು ಕೇಳಿದ್ರಾ?"

"ಗ್ಯಾನ ತಪ್ಪಿ ಮಲಗಿದ್ಲು, ಏನು ಕೇಳ್ಲಿ?"

"ಡಾಕ್ಟ್ರಿಗೆ ಗ್ಯಾನ ಇತ್ತಲ್ಲ?"

ಗುರು ತನ್ನ ರೂಮಿಗೆ ಹೋಗಿ ಗೇಮ್ ಹಾಕಿ ಕುಂತ. ಎಪ್ಪತ್ತೆಂಟು ಫ್ರೇಮು, ಬೆಣ್ಣೆ ಜಾರಿದಂಗೆ ಜಾರ್ತಿತ್ತು. ಗೋಡೆ ಆಚೆ ಅಜ್ಜಿ ಕೆಮ್ಮಿದ್ದು ಕೇಳಿಸ್ತು. ಹೆಡ್‌ಫೋನ್ ಹಾಕ್ಕೊಂಡ. ತೆಗೆದ. ಆಫ್ ಮಾಡ್ದ.

ಚೆಕಪ್ಪಿಗೆ ಹೋದಾಗ ಡಾಕ್ಟರಮ್ಮ ಇಸಿಜಿಯ ಪಟ್ಟಿ ಪಟ್ಟಿ ಹಾಳೆ ತೆಗೆದು ತುಂಬಾ ಹೊತ್ತು ನೋಡಿದ್ರು. ಗುರು ತಡಿಯಲಾರದೆ ಕೇಳ್ದ.

"ಮೇಡಂ, ಹಳೆ ಹಾರ್ಟಿಗೆ ದೊಡ್ಡದು ಹಾಕಿದ್ರೆ ಲೋಡ್ ಆಗ್ತಿತ್ತಲ್ವಾ?"

"ಯಾರು ಹೇಳಿದ್ದು ಹಾಗಂತ?"

ಅಪ್ಪ ಮಗನ್ನ ನೋಡ್ದ, ಮಗ ನೆಲ ನೋಡ್ದ.

"ಹೃದಯ ಎಷ್ಟು ಸೋತಿರುತ್ತೋ ಅಷ್ಟು ಸಹಾಯ ಬೇಕಪ್ಪ. ಮೇಲಿನ ಭಾಗ ಒಂದು ಹೊತ್ತಿಗೆ ಬಡಿತಿದೆ, ಕೆಳಗಿನದು ಇನ್ನೊಂದು ಹೊತ್ತಿಗೆ. ಎರಡು ತಂತಿ ಇದ್ದಿದ್ರೆ ಎರಡನ್ನೂ ಜೊತೆಗೆ ನಡೆಸ್ತಿತ್ತು. ಎಳೆ ಹೃದಯ ಆದ್ರೆ ಹೇಗೋ ತಡ್ಕೊಳ್ತಿತ್ತು. ಇವರಿಗೇ ಅದು ಬೇಕಿದ್ದಿದ್ದು."

"ಈಗ ಬದಲಾಯಿಸಾಕೆ ಆಗಲ್ವಾ?" ಅಂದ ಗುರು.

"ಮತ್ತೆ ಅದೇ ಜಾಗ ತೆರೀಬೇಕು. ಈ ವಯಸ್ಸಿಗೆ ಅಪಾಯ ಇಲ್ಲ ಅನ್ನಲ್ಲ. ಹದಿನೈದು ದಿನ ನೋಡೋಣ. ಆಚೆ ಸೋಮವಾರ ಆಪರೇಷನ್ನಿಗೆ ಅಂತ ಹೆಸರು ಬರೆದಿರ್ತೀನಿ. ದಿನಾ ಒಂದೇ ದಾರಿಯಲ್ಲಿ ನಡೆಸಿ, ಎಷ್ಟು ಹೆಜ್ಜೆಗೆ ಕೂತ್ಕೋತಾರೆ ಎಣಿಸಿ. ಜಾಸ್ತಿ ಆಗ್ತಾ ಹೋದ್ರೆ ಕೊಯ್ಯೋದು ಬೇಡ. ಕಮ್ಮಿ ಆಗ್ತಾ ಹೋದ್ರೆ ಒಂದು ದಿನಾನೂ ತಡ ಮಾಡಬೇಡಿ."

ಬಸ್ಸಿನಾಗೆ ಬರ್ತಾ ಗುರು ಹೇಳ್ದ, "ಅಪ್ಪಾಜಿ, ಕಾರ್ಡ್ ಮಾರ್ಬಿಡ್ತೀನಿ. ರೇಣುಕಪ್ರಸಾದ್ ವಾಪಸ್ ತಗೊಂತಾನೆ."

"ದುಡ್ಡಿನ ಮಾತಲ್ಲ ಅಂತ ಎಷ್ಟು ಸಲ ಹೇಳ್ಲಿ ನಿನಗೆ?" ಅಂದ ಅಪ್ಪ. ಸಿಟ್ಟಿರ್ಲಿಲ್ಲ ದನಿಯಾಗೆ. ಕಿಟಕಿ ಕಡೆ ತಿರುಗಿ ಕುಂತೋನು ನ್ಯಾಮತಿ ಬರೋವರೆಗೂ ಈ ಕಡೆ ತಿರುಗ್ಲಿಲ್ಲ.

ಎಣಿಸೋ ಕೆಲಸ ಗುರುಗೇ ಬಿತ್ತು. ಮನೆ ಹೊಸ್ತಿಲಿಂದ ಓಣಿ ಕೊನೆಯ ಲೈಟ್ ಕಂಬದ ಕಡೆಗೆ. ಮೊದಲ ದಿನ ಅರವತ್ತೊಂದು ಹೆಜ್ಜೆಗೆ ಅಜ್ಜಿ ಕುಂತ್ಲು. ಮಾರನೇ ದಿನ ಐವತ್ತೆಂಟು. ವಾರ ಕಳಿಯೋ ಹೊತ್ತಿಗೆ ನಲವತ್ತಾರು. ಸೀಸನ್ನಿನ ಕೊನೆ, ಮರುಳಸಿದ್ದಪ್ಪ ಸಾಸ್ವೆಹಳ್ಳಿ ಕಡೆ ಮಷಿನ್ ಜೊತೆಗೇ ಇದ್ದ. ದಿನಾ ಸಂಜೆ ಫೋನ್ ಮಾಡೋನು.

"ಎಷ್ಟಲೇ ಇವತ್ತು?"

"ಅರವತ್ತರ ಹತ್ರ ಅಪ್ಪಾಜಿ. ಹಂಗೇ ಐತೆ."

"ಇಳಿದಿಲ್ಲ ತಾನೆ?"

"ಇಳಿದಿಲ್ಲ."

ಅಪ್ಪ ಒಬ್ನೇ ಅಲ್ಲಿ ಕಣದಾಗೆ ಇರ್ತಾನೆ, ಊಟ ಬಿಡ್ತಾನೆ, ಬಂದ ಮೇಲೆ ಹೇಳಿದ್ರಾತು ಅಂತ ಗುರು ಅಂದ್ಕೊಂಡ. ನಾಳೆ ಏರ್ತೈತೆ, ಆಗ ಈ ಮಾತು ನಿಜಾನೇ ಆಗ್ತೈತೆ ಅಂತಾನೂ ಅಂದ್ಕೊಂಡ. ಅಮ್ಮ ಕೇಳಿದ್ರೆ, "ಫೋನಾಗೆ ಬರೆದಿದೀನಿ," ಅನ್ನೋನು. ಮೂವತ್ತೊಂಬತ್ತು. ಮೂವತ್ತನಾಲ್ಕು. ಇಪ್ಪತ್ತೊಂಬತ್ತು.

ಶನಿವಾರ ಬೆಳಿಗ್ಗೆ ಅಪ್ಪ ಮನೆಗೆ ಬಂದಿದ್ದ. ಮನೆ ಮುಂದೆ ಮಷಿನ್ ನಿಲ್ಲಿಸಿ, ಓಣಿಗೆ ಬೆನ್ನು ಹಾಕಿ ಬೆಲ್ಟ್ ಬಿಚ್ಚಿ ದೂಳು ಹೊಡೀತಿದ್ದ. ಅಜ್ಜಿ ಗುರು ಕೈ ಹಿಡಿದು ಹೊಸ್ತಿಲು ದಾಟಿದ್ಲು. ಎಡಗೈ ಎದೆ ಮೇಲೆ. ಹನುಮಣ್ಣನ ಮನೆ ಕಟ್ಟೆ ಹತ್ರ ಬರೋ ಹೊತ್ತಿಗೆ ಇಪ್ಪತ್ತೆರಡು. ಕುಂತ್ಬಿಟ್ಲು. ತುಟಿ ನೀಲಿಗೆ ತಿರುಗಿತ್ತು.

"ಎಷ್ಟಾತೋ ತಮ್ಮಾ?"

ಗುರು ಅಜ್ಜಿ ಸೆರಗು ಸರಿ ಮಾಡ್ದ.

"ಕಮ್ಮಿ ಆದ್ರೆ ಸೋಮವಾರ ಮತ್ತೆ ಕೊಯ್ತಾರಂತೆ. ರಕ್ಷಾ ಹೇಳಿದ್ಲು." ಅಜ್ಜಿ ಉಸಿರು ಎಳ್ಕೊಂಡ್ಲು. "ಹೋದ ಸಲದ್ದೇ ಇನ್ನೂ ಉರೀತೈತೆ. ಆ ಬೆಳಕಿನ ಕೆಳಗೆ ಒಬ್ಳೇ ಮಲಗೋದು ನನ್ನ ಕೈಲಿ ಇನ್ನೊಂದು ಸಲ ಆಗಲ್ಲೋ."

"ಲೇ ಗುರು!" ಅಲ್ಲಿಂದಲೇ ಕೂಗ್ದ ಅಪ್ಪ. "ಎಷ್ಟಲೇ ಇವತ್ತು?"

ಅಜ್ಜಿ ಗುರು ಮುಖ ನೋಡಿದ್ಲು. ಅಪ್ಪ ಬೆಲ್ಟ್ ಹಿಡಿದು ನಿಂತಿದ್ದ.

"ಅರವತ್ತೈದು!" ಅಂದ ಗುರು. ಬಾಯಿಗೆ ಆ ಅಂಕಿ ತಾನಾಗೇ ಬಂತು. ಅರವತ್ತೈದಾದ್ರೆ ಆಸ್ಪತ್ರೆ ಬೆಂಚಿನ ಮೇಲೆ ತಾನು ಹೇಳಿದ್ದೂ ತಪ್ಪಾಗಲ್ಲ.

"ಅರವತ್ತೈದಾ?" ಬೆಲ್ಟ್ ಕೆಳಗೆ ಬಿತ್ತು. ಮರುಳಸಿದ್ದಪ್ಪನ ಮುಖ ಎಷ್ಟೋ ದಿನದ ಮೇಲೆ ಅರಳ್ತು. "ನಾನು ಹೇಳಿಲ್ವಾ! ಸೆಟ್ ಆಗಾಕೆ ಟೈಮ್ ಬೇಕು ಅಂತ ಹೇಳಿಲ್ವಾ! ಮಂಗಳಾ, ಬಾ ಇಲ್ಲಿ! ಅವ್ವ ಏರಿದಾಳೆ!"

ಅಮ್ಮ ಹಿಟ್ಟಿನ ಕೈಲೇ ಬಾಗಿಲಿಗೆ ಬಂದ್ಲು. ಅತ್ತೆ ಕುಂತ ಜಾಗ ನೋಡಿದ್ಲು. ಮಗನ್ನ ನೋಡಿದ್ಲು.

"ಖರೇನಾ ಗುರು?"

"ಹೂನಮ್ಮ. ಕಂಬಕ್ಕೆ ಹೋಗಿ ವಾಪಸ್ ಬರ್ತಾ ಕುಂತ್ಕಂಡ್ಲು."

ಅಪ್ಪ ಆಗ್ಲೇ ಫೋನ್ ಕಿವಿಗೆ ಹಚ್ಚಿದ್ದ. "ಹಲೋ, ಹಾಲಮ್ಮ ಅಂತ ರೀ, ನ್ಯಾಮತಿ. ಸೋಮವಾರಕ್ಕೆ ಬರೆದಿದ್ರಲ್ಲ... ಹೂ ರೀ, ಸುಧಾರಿಸೈತೆ. ಅರವತ್ತೊಂದು ಇದ್ದಿದ್ದು ಅರವತ್ತೈದು ಆಗೈತೆ. ಡಾಕ್ಟ್ರೇ ಹೇಳಿದ್ರು, ಏರಿದ್ರೆ ಬ್ಯಾಡ ಅಂತ. ಹೂ, ತೆಗೆದುಬಿಡ್ರಿ ಹೆಸರು."

ಅಜ್ಜಿ ಗುರು ಹೆಗಲ ಮೇಲೆ ಕೈ ಊರಿ ಎದ್ಲು. ಆ ಕೈ ಬಾವಿ ಹಗ್ಗದಂಗೆ ತಣ್ಣಗಿತ್ತು.

"ನಡಿಯಪ್ಪ, ಮನಿಗೆ," ಅಂದ್ಲು.

ಅಪ್ಪ ಫೋನ್ ಇಟ್ಟು ನಗ್ತಾ ಇವರ ಕಡೆಗೇ ನೋಡ್ತಿದ್ದ. ಗುರು ಎಣಿಸಬಾರ್ದು ಅಂದ್ಕೊಂಡ. ಒಂದು, ಎರಡು, ಮೂರು. ಅಮ್ಮ ಬಾಗಿಲು ಬಿಟ್ಟು ಅಲ್ಲಾಡಿರ್ಲಿಲ್ಲ. ಏಳು, ಎಂಟು.

ಹನ್ನೊಂದಕ್ಕೆ ಅಜ್ಜಿ ಗೋಡೆ ಹಿಡಿದ್ಲು.